ಮೂರನೇ ದಿನಕ್ಕೆ ಗಂಟಲು ಕಟ್ಟುತ್ತದೆ

ಪ್ರೀತಿಯ ಮಗಳೇ,

ಈ ರಜೆಯ ಮಕ್ಕಳ ಶಿಬಿರಕ್ಕೆ ನೀನೂ ಟೀಚರಂತೆ. ಭಾನುವಾರ ಸಭಾಪಾಲಕರು ಹೆಸರು ಓದಿದಾಗ ನಿನ್ನಮ್ಮ ಹೆಮ್ಮೆಯಿಂದ ನನ್ನತ್ತ ತಿರುಗಿದಳು, ನೀನು ಮಾತ್ರ ನೆಲ ನೋಡುತ್ತಿದ್ದೆ. ಹೆದರಿಕೆ ಇರಲಿ, ತೊಂದರೆಯಿಲ್ಲ. ಇಪ್ಪತ್ತೆರಡು ಬೇಸಿಗೆ ಈ ಕೆಲಸ ಮಾಡಿದವಳು ನಾನು. ಪ್ರತಿ ವರ್ಷ ಮೊದಲ ದಿನ ಬೆಳಿಗ್ಗೆ ತಿಂಡಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕಷ್ಟದ್ದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕರಾವಳಿಯ ಮೇ ತಿಂಗಳ ಸೆಕೆ ನಿನಗೆ ಗೊತ್ತೇ ಉಂಟು. ಹಂಚಿನ ಮಾಡಿನ ಹಾಲ್, ನಾಲ್ಕು ಫ್ಯಾನು, ಅದರಲ್ಲಿ ಎರಡರಿಂದ ಬರುವುದು ಶಬ್ದ ಮಾತ್ರ. ಎಂಬತ್ತು ಮಕ್ಕಳು. ಅಭಿನಯ ಗೀತೆ ಹೇಳಿಕೊಟ್ಟು ಹೇಳಿಕೊಟ್ಟು ಮೂರನೇ ದಿನಕ್ಕೆ ಗಂಟಲು ಕಟ್ಟುತ್ತದೆ. ಸಂಬಳ ಇಲ್ಲ, ರಿಕ್ಷಾ ಬಾಡಿಗೆ ಕೊಟ್ಟರೆ ಅದೇ ದೊಡ್ಡದು. ಸಮಾರೋಪದ ದಿನ ಹಿರಿಯರೊಬ್ಬರು ಎದ್ದು, "ಹೋದ ವರ್ಷ ಮಕ್ಕಳು ಜಾಸ್ತಿ ಇದ್ದರಲ್ಲ?" ಎನ್ನುತ್ತಾರೆ. ಹೌದು ಎಂದು ಹೇಳಿ ಚಹಾ ಕುಡಿ.

ಜಾಗ ಸಾಲದೆಂದು ಮಾತ್ರ ಗೊಣಗಬೇಡ. ನಾವು ವಿಬಿಎಸ್ ಎನ್ನುವ ರಜಾ ಬೈಬಲ್ ಶಾಲೆಯ ಬೇರು ಹುಡುಕಿದರೆ 1898ರ ನ್ಯೂಯಾರ್ಕಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಬೀದಿ ಅಲೆಯುತ್ತಿದ್ದ ಬಡಮಕ್ಕಳಿಗಾಗಿ ಶ್ರೀಮತಿ ಹಾವ್ಸ್ ಎಂಬವರು ಶಾಲೆ ಶುರುಮಾಡಿದಾಗ ಬಾಡಿಗೆಗೆ ಸಿಕ್ಕಿದ್ದು ಬಿಯರ್ ಹಾಲ್! ನಮ್ಮ ಹಿರಿಯರ ಸಮಿತಿ ಅದಕ್ಕೆ ಒಪ್ಪುತ್ತಿತ್ತೇ ಎಂದು ಯೋಚಿಸಿ ನಾನು ಒಬ್ಬಳೇ ನಗುವುದುಂಟು.

ಹಗಲು ಹೇಗೋ ಕಳೆಯುತ್ತದೆ. ಕಷ್ಟ ಇರುವುದು ಕೊನೆಯ ಮೂರು ದಿನ, ಮಕ್ಕಳು ರಾತ್ರಿ ಅಲ್ಲೇ ಉಳಿಯುವಾಗ. ನನ್ನ ಎರಡನೇ ವರ್ಷ. ಬೆಳಿಗ್ಗೆ ಐದಕ್ಕೆ ನೋಡಿದರೆ ಏಳು ವರ್ಷದ ಹುಡುಗ ಚಾಪೆಯ ಮೂಲೆಯಲ್ಲಿ ಮುದುಡಿ ಕೂತಿದ್ದಾನೆ, ಚಾಪೆ ಒದ್ದೆ. ನಾನು ಬೈಯಲಿಲ್ಲ. ಚಾಪೆ ತೊಳೆದು, ಹಾಲ್‌ನ ಎದುರಿನ ಹಗ್ಗದ ಮೇಲೆ ಒಣಗಲು ಹಾಕಿದೆ. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡಿದ್ದೆ ಮಾರಾಯ್ತಿ! ಹಲ್ಲುಜ್ಜಲು ಹೊರಟ ಮಕ್ಕಳೆಲ್ಲ ಆ ಒಂದೇ ಚಾಪೆ ನೋಡಿದರು. ಮಧ್ಯಾಹ್ನ ಅವನ ಅಜ್ಜ ಬಂದು ಕರೆದುಕೊಂಡು ಹೋದರು. ಮರುವರ್ಷ ಅವನು ಬರಲಿಲ್ಲ.

ಆ ಮರುವರ್ಷ ಇನ್ನೊಬ್ಬಳದ್ದು ಅದೇ ಕತೆಯಾಯಿತು. ನಾನು ಏಳುವ ಮೊದಲೇ ಅಡುಗೆಯ ಬಾಯಮ್ಮ ಕೊಡಪಾನ ಹಿಡಿದು ಒಳಗೆ ಬಂದವರು, ಸಾಲಿನ ನಾಲ್ಕು ಚಾಪೆಗಳ ಮೇಲೆ ನೀರು ಚೆಲ್ಲಿ, "ಅಯ್ಯೋ, ನನ್ನ ಕೈಯೇ ಸರಿ ಇಲ್ಲ" ಎಂದು ಗಟ್ಟಿಯಾಗಿ ಕೂಗಿದರು. ನಾಲ್ಕು ಚಾಪೆ ಹಗ್ಗಕ್ಕೆ ಹೋದವು. ನಾಲ್ಕು ಮಕ್ಕಳೂ ದಿನವಿಡೀ ಬಾಯಮ್ಮನಿಗೆ ತಮಾಷೆ ಮಾಡಿದರು. ಆಕೆ ಯಾವ ತರಬೇತಿಗೂ ಹೋದವರಲ್ಲ.

ಗಂಟಲು ಕಟ್ಟಿದ್ದೂ ಒಂದು ಉಪಕಾರವೇ. ಹಾಡು ಹೇಳಿಸಲು ಆಗದೆ ಮೆಟ್ಟಿಲ ಮೇಲೆ ಕೂತಾಗಲೇ ಮಕ್ಕಳು ನನ್ನ ಹತ್ತಿರ ಬಂದು ಮಾತಾಡಿದ್ದು. ಅಪ್ಪ ಕುಡಿಯುವುದು, ಬೆಕ್ಕು ಸತ್ತದ್ದು, ಎಲ್ಲ. ಯಾವುದಾದರೂ ಮಗು "ಯಾರಿಗೂ ಹೇಳಬಾರದು" ಎಂದು ಶುರುಮಾಡಿದರೆ ಆ ಮಾತು ಕೊಡಬೇಡ. ಕೈ ಹಾಕಬಾರದ ಕಡೆ ಯಾರೋ ಕೈ ಹಾಕಿದ್ದು ಅದಾಗಿದ್ದರೆ, 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಭೆಯ ಮರ್ಯಾದೆ ಎಂದು ಯಾರೇ ಅಡ್ಡ ಬರಲಿ. ಮಕ್ಕಳ ಸಹಾಯವಾಣಿ 1098 ಬೋರ್ಡಿನ ಮೇಲೆ ಬರೆದಿಡು. ನೀನೂ ಅಷ್ಟೇ, ಯಾವ ಮಗುವಿನ ಜೊತೆಗೂ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬಳೇ ಇರಬೇಡ.

ಇನ್ನೊಂದು. ಕಡೇ ದಿನ "ಯೇಸುವನ್ನು ಅಂಗೀಕರಿಸುವವರು ಕೈ ಎತ್ತಿ" ಎಂದು ಮಕ್ಕಳಿಗೆ ಹೇಳುವ ಪದ್ಧತಿ ಕೆಲವು ಕಡೆ ಉಂಟು. ನನಗೆ ಅದು ಸೇರುವುದಿಲ್ಲ. ಎಂಟು ವರ್ಷದ ಮಗು ಎತ್ತದೆ ಏನು ಮಾಡುತ್ತದೆ? ಐಸ್‌ಕ್ಯಾಂಡಿ ಯಾರಿಗೆ ಬೇಕು ಎಂದಾಗಲೂ ಅದೇ ಕೈ ಎತ್ತಿತ್ತಲ್ಲ. ಕತೆಯನ್ನು ಚೆನ್ನಾಗಿ ಹೇಳು, ಉಳಿದದ್ದು ದೇವರಿಗೆ ಬಿಡು. ಆಟದ ಆಸೆಗೆ ನೆರೆಮನೆಯ ಬೇರೆ ಧರ್ಮದ ಮಕ್ಕಳೂ ಬರುತ್ತಾರೆ. ನಾವು ಏನು ಕಲಿಸುತ್ತೇವೆಂದು ಅವರ ಅಪ್ಪ ಅಮ್ಮನಿಗೆ ಮುಚ್ಚಿಡದೆ ಹೇಳಿ, ಅವರು ಒಪ್ಪಿದರೆ ಮಾತ್ರ ಸೇರಿಸು. ಬೇಡವೆಂದರೆ ಬೇಡ, ಸಂಜೆ ಲಗೋರಿಗೆ ಹೇಗೂ ಬರುತ್ತಾರೆ.

ಇಷ್ಟೆಲ್ಲ ಮಾಡಿ ಸಿಗುವುದೇನು ಎಂದು ಕೇಳುತ್ತೀಯ. ಹೋದ ತಿಂಗಳು ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತಿದ್ದೆ. ಕಂಡಕ್ಟರ್ ನನ್ನ ಮುಖ ನೋಡಿ, ಸೀಟಿ ಬಾಯಲ್ಲೇ ಇಟ್ಟುಕೊಂಡು, ಎರಡೂ ಕೈ ಅಗಲಿಸಿ ಪಾರಿವಾಳದ ಹಾಗೆ ಬಡಿದ. ನೋಹನ ನಾವೆಯ ಹಾಡಿಗೆ ನಾನು ಹೇಳಿಕೊಟ್ಟ ಅಭಿನಯ! ಅವನ ಹೆಸರು ನೆನಪಾಗಲಿಲ್ಲ. ಪಾಠ ಅವನಿಗೆ ನೆನಪಿತ್ತೋ ಇಲ್ಲವೋ, ಕೇಳುವಷ್ಟರಲ್ಲಿ ಪಡುಬಿದ್ರಿ ಬಂತು, ಬಸ್ಸು ತುಂಬಿತು. ಟಿಕೆಟ್ ದುಡ್ಡು ಮಾತ್ರ ಬಿಡಲಿಲ್ಲ.

ಎರಡು ಚಾಪೆ ಹೆಚ್ಚಿಗೆ ಇಟ್ಟುಕೋ, ಬಟ್ಟೆಯ ಕ್ಲಿಪ್ಪು, ಬಿಸಿನೀರಿನ ಫ್ಲಾಸ್ಕು ಮರೆಯಬೇಡ. ಮೊದಲ ದಿನ ಸ್ವಲ್ಪ ಬೇಗ ಹೋಗಿ ಅಡುಗೆ ಕೋಣೆಯಲ್ಲಿ ಪುನರ್ಪುಳಿ ಹಿಂಡಲು ಕೈಜೋಡಿಸು. ಬಾಯಮ್ಮ ಈಗಲೂ ಬರುತ್ತಾರೆ, ಕಿವಿ ಸ್ವಲ್ಪ ಮಂದ, ಎಡಗಡೆ ಕೂತು ಮಾತಾಡು.

ನಿನ್ನ ದೊಡ್ಡಮ್ಮ