ಮುಕ್ಡೆನ್ ಸಮ್ಮೇಳನ

1911ರ ಏಪ್ರಿಲ್ 3ರಂದು ಮಂಚೂರಿಯದ ಮುಕ್ಡೆನ್ ನಗರದಲ್ಲಿ ಹನ್ನೊಂದು ರಾಷ್ಟ್ರಗಳ ವೈದ್ಯರು ಸಭೆ ಸೇರಿದರು. ಪ್ಲೇಗಿನ ರೋಗಾಣುವಿನ ಸಂಶೋಧನೆಯಿಂದ ಪ್ರಖ್ಯಾತರಾಗಿದ್ದ ಜಪಾನಿನ ಕಿಟಸಾಟೊ ಅವರೂ ಅಲ್ಲಿದ್ದರು. ಇಂತಹ ವಿದ್ವತ್ಸಭೆಗೆ ಅಧ್ಯಕ್ಷರಾದವರು ಮೂವತ್ತೆರಡು ವರ್ಷದ ಚೀನೀ ವೈದ್ಯ ವೂ ಲಿಯೆನ್‌ತೆ. ಅವರು ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಕಲಿತವರು.

ಮೂರು ತಿಂಗಳ ಹಿಂದೆ ಅವರ ಸ್ಥಿತಿ ಬೇರೆಯಾಗಿತ್ತು. 1910ರ ಡಿಸೆಂಬರಿನಲ್ಲಿ ವ್ಯಾಧಿಪೀಡಿತವಾದ ಹಾರ್ಬಿನ್ನಿಗೆ ಅವರು ಬಂದಿಳಿದಾಗ ಜೊತೆಯಲ್ಲಿದ್ದ ಸಹಾಯಕನೆಂದರೆ ತಿಯೆನ್‌ತ್ಸಿನ್ ಸೈನಿಕ ವೈದ್ಯಕೀಯ ಕಾಲೇಜಿನ ಒಬ್ಬ ಹಿರಿಯ ವಿದ್ಯಾರ್ಥಿ. ಶವವನ್ನು ಕೊಯ್ದು ನೋಡುವುದು ಅಲ್ಲಿನ ಸಂಪ್ರದಾಯಕ್ಕೆ ಸಮ್ಮತವಲ್ಲ. ಆದುದರಿಂದ ರೋಗದಿಂದ ಮಡಿದ ಜಪಾನೀ ಮಹಿಳೆಯೊಬ್ಬಳ ದೇಹವನ್ನು ಗುಟ್ಟಾಗಿಯೇ ಪರೀಕ್ಷಿಸಬೇಕಾಯಿತು. ಸೂಕ್ಷ್ಮದರ್ಶಕದಲ್ಲಿ ಪ್ಲೇಗಿನ ರೋಗಾಣುಗಳು ಕಂಡುಬಂದವು. ಆದರೆ ಊರಿನ ಇಲಿಗಳಲ್ಲಿ ರೋಗದ ಸುಳಿವೇ ಇರಲಿಲ್ಲ! 1898ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು ಇಲಿಯ ಚಿಗಟದಿಂದ ಹಬ್ಬಿದುದು. ಇದಾದರೋ ಶ್ವಾಸಕೋಶವನ್ನು ಹಿಡಿದು, ರೋಗಿಯ ಕೆಮ್ಮಿನಿಂದಲೇ ಪಕ್ಕದವನಿಗೆ ತಗಲುತ್ತಿತ್ತು. ತಗುಲಿದವನು ಬದುಕಿದ್ದಿಲ್ಲ.

ತೆಳುಬಟ್ಟೆಯ ಪದರಗಳ ನಡುವೆ ಹತ್ತಿಯನ್ನಿಟ್ಟು ಮಾಡಿದ ಮುಖವಸ್ತ್ರವನ್ನು ಎಲ್ಲರೂ ಧರಿಸಬೇಕೆಂದು ವೂ ಹೇಳಿದರು. ಅನುಭವಿಯಾದ ಫ್ರೆಂಚ್ ವೈದ್ಯ ಮೆಸ್ನಿ ಈ ಕಿರಿಯನ ಮಾತಿಗೆ ಬೆಲೆ ಕೊಡಲಿಲ್ಲ. ಮುಖವಸ್ತ್ರವಿಲ್ಲದೆ ರೋಗಿಗಳನ್ನು ನೋಡಿದ ಆತ ಕೆಲವೇ ದಿನಗಳಲ್ಲಿ ಪ್ಲೇಗಿಗೆ ಬಲಿಯಾದನು. ಅಂದಿನಿಂದ ಊರೆಲ್ಲ ಮುಖವಸ್ತ್ರವನ್ನು ಧರಿಸಿತು.

ಅದಕ್ಕಿಂತಲೂ ಕಠಿನವಾದ ಕಾರ್ಯ ಮತ್ತೊಂದಿತ್ತು. ನೆಲ ಹೆಪ್ಪುಗಟ್ಟಿದ್ದರಿಂದ ಗುಂಡಿ ತೋಡಲಾಗದೆ ಎರಡು ಸಾವಿರಕ್ಕೂ ಹೆಚ್ಚು ಶವಗಳು ಸ್ಮಶಾನದಲ್ಲಿ ಬಯಲಿಗೇ ಬಿದ್ದಿದ್ದವು. ಪೂರ್ವಿಕರನ್ನು ಪೂಜಿಸುವ ಜನಕ್ಕೆ ಹಿರಿಯರ ದೇಹವನ್ನು ಸುಡುವುದೆಂದರೆ ಮಹಾಪಾತಕ. ವೂ ರಾಜಧಾನಿಗೆ ವಿನಂತಿ ಸಲ್ಲಿಸಿದರು; ಅಪ್ಪಣೆ ಬಂದಿತು. ಜನವರಿ 31ರಂದು ಚಿತೆಗಳು ಉರಿದವು. ಮಾರ್ಚ್ 1ರ ಹೊತ್ತಿಗೆ ಹಾರ್ಬಿನ್ನಿನಲ್ಲಿ ರೋಗ ನಿಂತಿತ್ತು. ಅಷ್ಟರೊಳಗೆ ಮಂಚೂರಿಯದಲ್ಲಿ ಸುಮಾರು 60,000 ಮಂದಿ ಮಡಿದಿದ್ದರು.

ಮುಕ್ಡೆನ್ನಿನ ಸಭೆಯಲ್ಲಿ ಚರ್ಚೆಗೆ ಬಂದುದು ಈ ಅನುಭವವೇ. ರೋಗದ ಮೂಲ ಯಾವುದು? ಅಳಿಲಿನ ಬಳಗಕ್ಕೆ ಸೇರಿದ, ಬಿಲದಲ್ಲಿ ವಾಸಿಸುವ ಟರಬಗನ್ ಎಂಬ ಪ್ರಾಣಿಯ ಮೇಲೆ ಸಂಶಯವಿತ್ತು. ಅದರ ತುಪ್ಪಳಕ್ಕೆ ಬೆಲೆ ಏರಿದಾಗ ಅನನುಭವಿಗಳೂ ಬೇಟೆಗೆ ಇಳಿದಿದ್ದರು. ಕಾಯಿಲೆಯ ಪ್ರಾಣಿಯನ್ನು ಗುರುತಿಸುವ ಬಗೆ ಅವರಿಗೆ ತಿಳಿಯದು. ಆದರೆ ಸಂಶಯ ಪ್ರಮಾಣವಾಗದಷ್ಟೆ. ಏಪ್ರಿಲ್ 28ರಂದು ಸಭೆ ಮುಗಿಯಿತು. ಆ ಬೇಸಗೆಯಲ್ಲಿ ರಷ್ಯದ ವಿಜ್ಞಾನಿ ಜಬೊಲೊಟ್ನಿ ಅವರ ತಂಡದ ವಿದ್ಯಾರ್ಥಿಯೊಬ್ಬನು ಹುಲ್ಲುಗಾವಲಿನಲ್ಲಿ ತೂರಾಡುತ್ತಿದ್ದ ಟರಬಗನ್ ಒಂದನ್ನು ಹಿಡಿದು ತಂದನು. ಅದರಲ್ಲಿ ಪ್ಲೇಗಿನ ರೋಗಾಣು ದೊರೆಯಿತು.

1912ರಲ್ಲಿ ಉತ್ತರ ಮಂಚೂರಿಯದ ಪ್ಲೇಗ್ ನಿವಾರಣಾ ಸಂಸ್ಥೆ ವೂ ಅವರ ನೇತೃತ್ವದಲ್ಲಿ ಆರಂಭವಾಯಿತು. 1920ರಲ್ಲಿ ಅದೇ ಮಾರಿ ಮತ್ತೆ ಬಂದಿತು. ಆ ಸಲ ಸತ್ತವರು ಹತ್ತು ಸಾವಿರದೊಳಗೆ.