ಗೂಡಿನ ಹಣ ಖಾತೆಗೆ ಬೀಳುವ ಮುನ್ನ: ಮೊಬೈಲು, ಬ್ಯಾಂಕು ಮತ್ತು ಆಧಾರ್‌ಗೆ ಕಾವಲಿಡುವ ಕ್ರಮ

ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಮತ್ತು ಚಿಕ್ಕಬಳ್ಳಾಪುರ ತಾಲ್ಲೂಕುಗಳ ಬಹುಪಾಲು ಮನೆಗಳಲ್ಲಿ ಹಣ ತಿಂಗಳ ಸಂಬಳದಂತೆ ಬರುವುದಿಲ್ಲ. ರೇಷ್ಮೆ ಹುಳು ಮರಿಯೊಡೆದು ಸುಮಾರು ನಾಲ್ಕು ವಾರಗಳಲ್ಲಿ ಚಂದ್ರಿಕೆಯಿಂದ ಬಿಡಿಸಿದ ಗೂಡು ಮಾರುಕಟ್ಟೆಗೆ ಹೋದಾಗ, ಟೊಮೆಟೊ ಮಂಡಿಯ ಲೆಕ್ಕ ಚುಕ್ತಾ ಆದಾಗ, ಡೇರಿಯ ಬಟವಾಡೆ ಜಮೆಯಾದಾಗ, ದ್ರಾಕ್ಷಿ ತೋಟವನ್ನು ವ್ಯಾಪಾರಿಗೆ ಕೊಟ್ಟಾಗ ಅದು ಒಟ್ಟಿಗೆ ಬಂದು ಬೀಳುತ್ತದೆ. ಹಿಂದೆ ನೋಟಿನ ಕಟ್ಟಾಗಿ ಮನೆ ಸೇರುತ್ತಿದ್ದ ಈ ಹಣವು ಈಗ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಆ ಖಾತೆಗೆ ಒಂದು ಮೊಬೈಲ್ ಸಂಖ್ಯೆಯೂ ಆಧಾರ್ ಸಂಖ್ಯೆಯೂ ಜೋಡಣೆಯಾಗಿರುವುದರಿಂದ, ಫೋನು ಯಾರ ಹಿಡಿತದಲ್ಲಿದೆಯೋ ಹಣವೂ ಅವರ ಹಿಡಿತಕ್ಕೆ ಬರುವ ಸಂಭವವಿದೆ. ವಂಚಕರ ಉಪಾಯಗಳು ತಿಂಗಳಿಗೊಂದು ರೂಪ ತಾಳುವುದರಿಂದ ಅವುಗಳನ್ನೆಲ್ಲ ತಿಳಿದಿಟ್ಟುಕೊಳ್ಳುವುದು ಸಾಧ್ಯವಿಲ್ಲ. ಆದರೆ ವಂಚನೆ ನಡೆದರೂ ನಷ್ಟವು ಸಣ್ಣದಾಗಿಯೇ ಉಳಿಯುವಂತೆ ಮುಂಚಿತವಾಗಿ ವ್ಯವಸ್ಥೆ ಮಾಡಿಟ್ಟುಕೊಳ್ಳುವುದು ಯಾವ ಮನೆಗಾದರೂ ಸಾಧ್ಯ. ಅದಕ್ಕೆ ಒಂದು ಸಂಜೆಯ ಬಿಡುವು ಸಾಕು.

ಮೊದಲ ಹೆಜ್ಜೆ: ಎರಡು ಖಾತೆ

ಬೆಳೆಯ ಹಣ ಬಂದು ಬೀಳುವ ಖಾತೆಯನ್ನೇ ಫೋನ್‌ಪೇ, ಗೂಗಲ್‌ಪೇ ಮುಂತಾದ ಆ್ಯಪ್‌ಗಳಿಗೆ ಜೋಡಿಸಿರುವುದು ಇಲ್ಲಿನ ಸಾಮಾನ್ಯ ಪದ್ಧತಿಯಾಗಿದ್ದು, ಎಲ್ಲಕ್ಕಿಂತ ಮೊದಲು ಬದಲಾಗಬೇಕಾದುದು ಇದೇ. ಇನ್ನೊಂದು ಉಳಿತಾಯ ಖಾತೆಯನ್ನು ತೆರೆದು, ಅಂಗಡಿ, ಬಸ್ಸು, ಸೊಪ್ಪಿನ ಕೂಲಿ ಮುಂತಾದ ವಾರದ ಖರ್ಚಿಗೆ ಬೇಕಾದಷ್ಟನ್ನು ಮಾತ್ರ ಅದರಲ್ಲಿಟ್ಟು, ಆ್ಯಪ್‌ಗೆ ಅದನ್ನು ಮಾತ್ರ ಜೋಡಿಸಬೇಕು. ಆ್ಯಪ್‌ನಲ್ಲಿರುವ ಬ್ಯಾಂಕ್ ಖಾತೆಗಳ ಪಟ್ಟಿಗೆ ಹೋಗಿ ದೊಡ್ಡ ಖಾತೆಯನ್ನು ತೆಗೆದುಹಾಕಿದರೆ ಖಾತೆಗೆ ಏನೂ ಆಗುವುದಿಲ್ಲ. ಆ್ಯಪ್‌ನೊಂದಿಗಿನ ಕೊಂಡಿ ಮಾತ್ರ ಕಳಚುತ್ತದೆ. ದೊಡ್ಡ ಖಾತೆಯ ಡೆಬಿಟ್ ಕಾರ್ಡಿನಲ್ಲಿ ಆನ್‌ಲೈನ್ ಖರೀದಿಯ ಸೌಲಭ್ಯವನ್ನೂ ನಿಲ್ಲಿಸಿಡುವುದು ಒಳ್ಳೆಯದು. ಬ್ಯಾಂಕಿನ ಆ್ಯಪ್‌ನಲ್ಲಿ ಇದನ್ನು ಮಾಡಲು ಬಾರದವರು ಶಾಖೆಯಲ್ಲಿ ಕೇಳಿ ಮಾಡಿಸಬಹುದು.

ಎರಡನೆಯ ಹೆಜ್ಜೆ: ಫೋನಿನ ಭಾಷೆ ಮತ್ತು ಬೀಗ

ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಶಿಡ್ಲಘಟ್ಟದ ರೀಲರುಗಳ ಓಣಿಗಳಲ್ಲಿ ಉರ್ದು ನಡೆಯುವ ಈ ಸೀಮೆಯಲ್ಲಿ ಫೋನು ಮಾತ್ರ ಇಂಗ್ಲಿಷಿನಲ್ಲಿ ಇರುವುದುಂಟು. ಯಾವುದಾದರೂ ಆ್ಯಪ್ ಸಂದೇಶಗಳನ್ನು ಓದಲು ಅನುಮತಿ ಕೇಳಿದಾಗ ಆ ಪ್ರಶ್ನೆಯೇ ಅರ್ಥವಾಗದೆ ಒಪ್ಪಿಗೆ ಒತ್ತುವುದು ಇದರಿಂದಲೇ. ಆದುದರಿಂದ ಸೆಟ್ಟಿಂಗ್ಸ್‌ನ ಭಾಷೆಗಳ ವಿಭಾಗದಲ್ಲಿ ಬಳಕೆದಾರರು ನಿರಾಯಾಸವಾಗಿ ಓದಬಲ್ಲ ಭಾಷೆಯನ್ನು ಆರಿಸಿಕೊಳ್ಳಬೇಕು. ಭದ್ರತೆಯ ಲೇಖನಗಳಲ್ಲಿ ಈ ಮಾತು ಅಪರೂಪ, ಆದರೆ ಹಲವು ಪಾಸ್‌ವರ್ಡ್‌ಗಳಿಗಿಂತ ಇದರ ಪ್ರಯೋಜನ ಹೆಚ್ಚು.

ಪರದೆಗೆ ಆರಂಕಿಯ ಬೀಗವನ್ನು ಹಾಕಿದ ಮೇಲೆ ಸಿಮ್‌ಗೂ ಬೀಗ ಬೇಕಾಗುತ್ತದೆ. ಕಳುವಾದ ಫೋನಿನ ಸಿಮ್ಮನ್ನು ಬೇರೆ ಫೋನಿಗೆ ಹಾಕಿದರೆ ಬ್ಯಾಂಕಿನ ಓಟಿಪಿ, ಅಂದರೆ ಒಂದೇ ಸಲ ಬಳಕೆಯಾಗುವ ಗುಪ್ತ ಅಂಕಿ, ಅಲ್ಲಿಗೇ ಬರುತ್ತದೆ. ಸಿಮ್ ಪಿನ್ ಇದ್ದರೆ ಇದು ತಪ್ಪುತ್ತದೆ. ಕಂಪನಿಯವರು ಮೊದಲೇ ಇಟ್ಟಿರುವ ಪಿನ್ ಯಾವುದೆಂದು ಅವರ ಅಂಗಡಿಯಲ್ಲಿ ಕೇಳಿಕೊಂಡು ಅದನ್ನು ಬದಲಿಸಬೇಕು. ಊಹೆಯಿಂದ ಮೂರು ಸಲ ತಪ್ಪು ಒತ್ತಿದರೆ ಸಿಮ್ ನಿಂತುಹೋಗಿ, ಕಂಪನಿಯಿಂದ ಬೇರೊಂದು ಸಂಕೇತವನ್ನು ಪಡೆಯಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಯುಪಿಐ ಪಿನ್ನಿನ ನಿಯಮ

2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಲ್ಲಿ ನಾಲ್ಕು ಅಥವಾ ಆರು ಅಂಕಿಯ ಪಿನ್ ಒತ್ತುವುದೆಂದರೆ ಬ್ಯಾಂಕಿನ ಹಣ ಹಿಂಪಡೆಯುವ ಚೀಟಿಗೆ ಸಹಿ ಹಾಕಿದಂತೆ. ಹಣ ಪಡೆಯುವುದಕ್ಕೆ ಪಿನ್ನೂ ಬೇಡ, ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡುವುದೂ ಬೇಡ. ಹಳೆಯ ಟ್ರ್ಯಾಕ್ಟರನ್ನೋ ಹಸುವನ್ನೋ ಮಾರಲು ಜಾಹೀರಾತು ಹಾಕಿದವರಿಗೆ, ಮುಂಗಡ ಕಳುಹಿಸುತ್ತೇವೆಂದು ಹೇಳಿ ಕ್ಯೂಆರ್ ಚಿತ್ರವನ್ನು ಕಳುಹಿಸುವವರು ಖರೀದಿದಾರರಲ್ಲ. ವ್ಯಕ್ತಿಯೊಬ್ಬ ಇನ್ನೊಬ್ಬನ ಆ್ಯಪ್‌ಗೆ ಹಣ ಕೇಳುವ ಕೋರಿಕೆ ಕಳುಹಿಸುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿರುವುದರಿಂದ ಆ ಬಗೆಯ ಮೋಸಕ್ಕೆ ಎಡೆ ಕಡಿಮೆಯಾಗಿದೆ, ಕ್ಯೂಆರ್ ಮೋಸ ಉಳಿದಿದೆ. ಹೂವಿನ ಮಾರುಕಟ್ಟೆಯಂತಹ ನಸುಕಿನ ಗದ್ದಲದಲ್ಲಿ ವ್ಯಾಪಾರ ಮಾಡುವವರು ಎದುರಿನವರ ಪರದೆಯ ಹಸಿರು ಗುರುತನ್ನಾಗಲೀ ಫೋನಿಗೆ ಬಂದ ಎಸ್‌ಎಂಎಸ್ಸನ್ನಾಗಲೀ ನಂಬದೆ, ಸ್ವಂತ ಆ್ಯಪ್ ತೆರೆದು ಹಣ ಜಮೆಯಾಗಿರುವುದನ್ನು ನೋಡಿಯೇ ಮಾಲು ಬಿಡಬೇಕು.

ನಾಲ್ಕನೆಯ ಹೆಜ್ಜೆ: ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಕಡತ

ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ಪನ್ನು ಸ್ಥಾಪಿಸುವ ಕಡತ. ಪ್ಲೇ ಸ್ಟೋರಿನ ಮೂಲಕ ಬಂದ ಆ್ಯಪ್ ಒಂದು ಮಟ್ಟದ ಪರಿಶೀಲನೆಗೆ ಒಳಗಾಗಿರುತ್ತದೆ, ಹೊರಗಿನಿಂದ ಬಂದ ಎಪಿಕೆಗೆ ಅದಿರುವುದಿಲ್ಲ. ಪಿಎಂ ಕಿಸಾನ್ ಕಂತು, ವಾಹನದ ದಂಡದ ಚಲನ್, ಮದುವೆಯ ಆಮಂತ್ರಣ, ಬ್ಯಾಂಕಿನ ಕೆವೈಸಿ ಎಂಬ ಹೆಸರುಗಳಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಇಂತಹ ಕಡತಗಳನ್ನು ಸ್ಥಾಪಿಸಿದರೆ ಅವು ಸಂದೇಶಗಳನ್ನು ಓದುವ ಅನುಮತಿ ಪಡೆದು, ಬಂದ ಓಟಿಪಿಗಳನ್ನು ಸದ್ದಿಲ್ಲದೆ ವಂಚಕರಿಗೆ ರವಾನಿಸುತ್ತವೆ; ಅದೇ ಫೋನಿನ ವಾಟ್ಸ್‌ಆ್ಯಪ್‌ನಿಂದ ಇತರರಿಗೂ ಹರಡುವುದುಂಟು. ಡೇರಿ ಸಂಘದ ಗುಂಪಿನಲ್ಲಿ ಪರಿಚಿತ ಹೆಸರಿನಿಂದಲೇ ಕಡತ ಬರುವುದು ಹೀಗೆ. ಪರಿಚಯದವರು ಕಳುಹಿಸಿದ್ದಾರೆ ಎಂಬುದು ಇಲ್ಲಿ ಪ್ರಮಾಣವಾಗುವುದಿಲ್ಲ.

ಇದಕ್ಕೆ ತಡೆ ಹಾಕಲು ಸೆಟ್ಟಿಂಗ್ಸ್‌ನಲ್ಲಿ ಅಪರಿಚಿತ ಆ್ಯಪ್‌ಗಳನ್ನು ಸ್ಥಾಪಿಸುವ ಅನುಮತಿಯ ಪುಟಕ್ಕೆ ಹೋಗಿ, ವಾಟ್ಸ್‌ಆ್ಯಪ್, ಕ್ರೋಮ್ ಮತ್ತು ಫೈಲ್ಸ್‌ಗಳ ಎದುರು ಅದನ್ನು ಮುಚ್ಚಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕಡತಗಳು ತಾವಾಗಿ ಇಳಿಯುವುದನ್ನು ನಿಲ್ಲಿಸಿ, ಖಾತೆಯ ವಿಭಾಗದಲ್ಲಿ ಎರಡು ಹಂತದ ಪರಿಶೀಲನೆಯ ಆರಂಕಿಯ ಪಿನ್ ಇಡಬೇಕು. ಈಗಾಗಲೇ ಅಂತಹ ಕಡತ ಸ್ಥಾಪನೆಯಾಗಿದ್ದರೆ ಮೊದಲು ಇಂಟರ್ನೆಟ್ಟನ್ನೂ ಸಿಮ್ಮನ್ನೂ ನಿಲ್ಲಿಸಿ, ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ, ಬಳಿಕ ಫೋನನ್ನು ಪೂರ್ತಿ ಅಳಿಸಿ ಮೊದಲಿನ ಸ್ಥಿತಿಗೆ ತರುವುದೇ ಸರಿ. ಆ್ಯಪ್ಪನ್ನು ತೆಗೆದುಹಾಕಿದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ.

ಐದನೆಯ ಹೆಜ್ಜೆ: ಬೆರಳಚ್ಚು

ಹಳ್ಳಿಯ ಬ್ಯಾಂಕ್ ಮಿತ್ರರ ಬಳಿ ಆಧಾರ್ ಸಂಖ್ಯೆ ಹೇಳಿ ಬೆರಳಿಟ್ಟು ಹಣ ಪಡೆಯುವ ಎಇಪಿಎಸ್ ವ್ಯವಸ್ಥೆಯಲ್ಲಿ ಪಿನ್ ಆಗಲಿ ಓಟಿಪಿಯಾಗಲಿ ಬೇಕಿಲ್ಲ. ಅದರ ಉಪಕಾರವೂ ಅಪಾಯವೂ ಇರುವುದು ಅಲ್ಲಿಯೇ. 2023ರಲ್ಲಿ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿದ್ದ ಆಸ್ತಿಪತ್ರಗಳ ಬೆರಳಚ್ಚುಗಳು ದುರ್ಬಳಕೆಯಾಗಿವೆ ಎಂಬ ದೂರುಗಳು ರಾಜ್ಯದಲ್ಲಿ ಬಂದವು, ಬಯೋಮೆಟ್ರಿಕ್ಕಿಗೆ ಬೀಗ ಹಾಕಿಡುವಂತೆ ಪೊಲೀಸರು ಸಲಹೆಯನ್ನೂ ಕೊಟ್ಟರು. ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಅಥವಾ ಮೈ ಆಧಾರ್ ಜಾಲತಾಣದಲ್ಲಿ ಓಟಿಪಿಯ ಮೂಲಕ ಒಳಹೋಗಿ ಈ ಬೀಗವನ್ನು ಹಾಕಬಹುದು.

ಆದರೆ ಬೀಗ ಹಾಕಿದ ಬೆರಳು ನ್ಯಾಯಬೆಲೆ ಅಂಗಡಿಯಲ್ಲಿಯೂ ನಡೆಯುವುದಿಲ್ಲ ಎಂಬುದನ್ನು ಮುಂಚೆಯೇ ತಿಳಿದಿರಬೇಕು. ಇಲ್ಲವಾದರೆ ರೇಷನ್ ಸಾಲಿನಲ್ಲಿ ನಿಂತವರು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಅಗತ್ಯ ಬಿದ್ದಾಗ ತಾತ್ಕಾಲಿಕವಾಗಿ ತೆರೆದರೆ 10 ನಿಮಿಷಗಳ ಬಳಿಕ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಇದಕ್ಕಿಂತ ಸುಲಭದ ದಾರಿಯೆಂದರೆ ದೊಡ್ಡ ಮೊತ್ತದ ಖಾತೆಯಿರುವವರು ಬೀಗ ಹಾಕಿಕೊಂಡು, ಕಾರ್ಡಿನಲ್ಲಿ ಹೆಸರಿರುವ ಮತ್ತೊಬ್ಬರು ರೇಷನ್ ತರುವುದು.

ಸೈಬರ್ ಸೆಂಟರಿನ ಕಂಪ್ಯೂಟರು

ಪಹಣಿಗೋ ವಿದ್ಯಾರ್ಥಿವೇತನದ ಅರ್ಜಿಗೋ ಅಂಗಡಿಯ ಕಂಪ್ಯೂಟರನ್ನು ಬಳಸುವವರು ಹೊರಡುವ ಮುನ್ನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದ ತಮ್ಮ ಆಧಾರ್ ಪ್ರತಿ, ಪಾಸ್‌ಪುಸ್ತಕದ ಚಿತ್ರಗಳನ್ನು ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿಸಬೇಕು. ಮುದ್ರಣಕ್ಕೆಂದು ತೆರೆದ ವಾಟ್ಸ್‌ಆ್ಯಪ್ ವೆಬ್ಬನ್ನು ಫೋನಿನ ಲಿಂಕ್ ಆದ ಸಾಧನಗಳ ಪಟ್ಟಿಯಿಂದ ತೆಗೆಯಬೇಕು. ಮನೆಯಲ್ಲಿ ವಿಂಡೋಸ್ 10 ಇರುವ ಕಂಪ್ಯೂಟರ್ ಇದ್ದರೆ, 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಭದ್ರತಾ ಬೆಂಬಲ ಮುಗಿದಿರುವುದರಿಂದ ಅದರಲ್ಲಿ ಬ್ಯಾಂಕಿನ ಕೆಲಸ ಮಾಡದಿರುವುದು ಕ್ಷೇಮ.

ಹಣ ಹೋದ ಮೇಲೆ

ಕಳೆದುಹೋದ ಹಣವು ನಿಮಿಷಗಳಲ್ಲಿ ಖಾತೆಯಿಂದ ಖಾತೆಗೆ ಸಾಗುವುದರಿಂದ, ಚಿಕ್ಕಬಳ್ಳಾಪುರದ ಸಿಇಎನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆಗೆ, ಬಸ್ಸು ಹತ್ತುವ ಮೊದಲೇ ಇರುವಲ್ಲಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ವ್ಯವಹಾರದ ಸಂಖ್ಯೆ, ಸಮಯ, ಮೊತ್ತ ಮತ್ತು ಬ್ಯಾಂಕಿನ ಹೆಸರನ್ನು ತಿಳಿಸಿದರೆ, ಹಣ ತಲುಪಿದ ಬ್ಯಾಂಕಿಗೆ ಸೂಚನೆ ಹೋಗಿ, ಇನ್ನೂ ತೆಗೆಯದೆ ಉಳಿದ ಮೊತ್ತವನ್ನು ತಡೆಹಿಡಿಯಲು ಅವಕಾಶವಾಗುತ್ತದೆ. ನಂತರ ಸ್ವಂತ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ, ಗ್ರಾಹಕರ ತಪ್ಪಿಲ್ಲದೆ ಹೊರಗಿನವರಿಂದಾದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲವೆಂದು ಹೇಳಿದೆ. ಓಟಿಪಿಯನ್ನು ತಾವೇ ಹೇಳಿದ್ದರೂ, ದೂರು ಕೊಟ್ಟ ನಂತರ ಆಗುವ ನಷ್ಟ ಬ್ಯಾಂಕಿನದು. ಆದುದರಿಂದ ಮೋಸಹೋದೆವೆಂಬ ನಾಚಿಕೆಯಿಂದ ಮನೆಯವರಿಗೂ ಹೇಳದೆ ಎರಡು ದಿನ ಕಳೆಯುವುದು ಹಣವನ್ನು ಎರಡನೆಯ ಸಲ ಕಳೆದುಕೊಳ್ಳುವ ದಾರಿ.

ಫೋನೇ ಕಳೆದಾಗ ಕ್ರಮ ಬೇರೆ. ಸಿಮ್ ನಿಲ್ಲಿಸಿ, ಪೊಲೀಸ್ ದೂರು ದಾಖಲಿಸಿ, ಅದೇ ಸಂಖ್ಯೆಯ ಹೊಸ ಸಿಮ್ ಪಡೆದು, ಸಂಚಾರ್ ಸಾಥಿ ಜಾಲತಾಣದ ಸಿಇಐಆರ್ ವಿಭಾಗದಲ್ಲಿ ಕೋರಿಕೆ ಸಲ್ಲಿಸಿದರೆ ಆ ಫೋನು ದೇಶದ ಯಾವ ಕಂಪನಿಯ ಜಾಲದಲ್ಲಿಯೂ ಕೆಲಸ ಮಾಡದಂತೆ ತಡೆಯಬಹುದು. ಇದಕ್ಕೆ ಬೇಕಾಗುವ 15 ಅಂಕಿಯ ಐಎಂಇಐ ಸಂಖ್ಯೆಯು ಫೋನಿನಲ್ಲಿ *#06# ಒತ್ತಿದರೆ ಕಾಣುತ್ತದೆ. ಎರಡು ಸಿಮ್ಮಿನ ಫೋನಿನಲ್ಲಿ ಇಂತಹ ಎರಡು ಸಂಖ್ಯೆಗಳಿದ್ದು, ಫೋನು ಕೈಯಲ್ಲಿರುವಾಗಲೇ ಎರಡನ್ನೂ ಪಾಸ್‌ಪುಸ್ತಕದ ಹಿಂಬದಿಯಲ್ಲಿ ಬರೆದಿಡಬೇಕು.