ಹೊಲದ ಮೇಲಣ ಆಕಾಶ ಯಾರದು?

ನೆಲದ ಒಡೆಯನು ಅದರ ಮೇಲಣ ಆಕಾಶಕ್ಕೂ ಒಡೆಯನೆಂಬುದು ಆಂಗ್ಲ ನ್ಯಾಯಶಾಸ್ತ್ರವು ಒಪ್ಪಿದ್ದ ಹಳೆಯ ಸೂತ್ರ. ಹಕ್ಕಿ, ಮೋಡಗಳ ಹೊರತು ಬೇರೇನೂ ಮೇಲೆ ಸುಳಿಯದಿದ್ದ ಕಾಲದಲ್ಲಿ ಅದರಿಂದ ಯಾರಿಗೂ ತೊಡಕಿರಲಿಲ್ಲ. ವಿಮಾನವು ಬಂದ ಮೇಲೆ ಅದು ಪರೀಕ್ಷೆಗೆ ಗುರಿಯಾಯಿತು.

ಆ ಪರೀಕ್ಷೆಗೆ ಕಾರಣವಾದುವು ಕೋಳಿಗಳೆಂಬುದು ಸೋಜಿಗದ ಸಂಗತಿ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಕಾಸ್ಬಿ ಎಂಬ ರೈತನು ಕೋಳಿ ಸಾಕಿದ್ದನು. ಸಮೀಪದ ನಿಲ್ದಾಣಕ್ಕೆ ಇಳಿಯುವ ಸೇನಾ ವಿಮಾನಗಳು ಅವನ ಭೂಮಿಯ ಮೇಲೆ ಕೇವಲ 83 ಅಡಿ ಎತ್ತರದಲ್ಲಿ ಹಾಯುತ್ತಿದ್ದುವು. ಬೆದರಿದ ಕೋಳಿಗಳು ಹಾರಿ ಗೋಡೆಗೆ ಬಡಿದು ಸಾಯತೊಡಗಿದುವು. ಸುಮಾರು 150 ಕೋಳಿಗಳು ಹೋದುವು, ಕಸುಬೂ ನಿಂತಿತು. 1946ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಹಳೆಯ ಸೂತ್ರಕ್ಕೆ ಈ ಕಾಲದಲ್ಲಿ ಎಡೆಯಿಲ್ಲವೆಂದಿತು. ಆದರೂ ನೆಲವನ್ನು ಅನುಭವಿಸಲು ಬೇಕಾದಷ್ಟು ಆಕಾಶವು ಒಡೆಯನದೇ ಎಂದು ಒಪ್ಪಿ, ಅವನು ಪರಿಹಾರಕ್ಕೆ ಅರ್ಹನೆಂದು ತೀರ್ಮಾನಿಸಿತು.

ಡ್ರೋನ್ ಸಂಚರಿಸುವುದು ಈ ಕೆಳಗಿನ ಆಕಾಶದಲ್ಲಿಯೇ. ಅದರ ಸದ್ದಿಗಿಂತ ಅದರ ಕಣ್ಣೇ ಹೆಚ್ಚು ಬಾಧಕ. ಭಾರತದಲ್ಲಿ 2021ರ ಆಗಸ್ಟಿನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ. ಹಸಿರು ವಲಯದಲ್ಲಿ ಸಾಮಾನ್ಯವಾಗಿ 400 ಅಡಿಯವರೆಗೆ ಹಾರಿಸಲು ಪೂರ್ವಾನುಮತಿ ಬೇಡ. ವಿಮಾನ ನಿಲ್ದಾಣದ ಹಿತವನ್ನು ಇಷ್ಟು ಎಚ್ಚರದಿಂದ ಕಾಯುವ ನಿಯಮಗಳು, ಕೆಳಗಿರುವ ಹೊಲದ ಒಡೆಯನ ಒಪ್ಪಿಗೆಯನ್ನು ಮಾತ್ರ ಕೇಳುವುದಿಲ್ಲ. ಇದು ಸಣ್ಣ ಲೋಪವಲ್ಲ.

ಡ್ರೋನನ್ನು ಹಳ್ಳಿಗರು ತಾವೇ ಸ್ವಾಗತಿಸಿದುದೂ ಉಂಟು. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ, ಕರ್ನಾಟಕದ ಗ್ರಾಮಗಳೂ ಸೇರಿದಂತೆ, ಮನೆ ನಿವೇಶನಗಳ ಸುತ್ತ ಸುಣ್ಣದ ಗೆರೆ ಎಳೆದು ಮೇಲಿನಿಂದ ಅಳತೆ ಮಾಡಲಾಯಿತು, ಉದ್ದೇಶ ಹಕ್ಕುಪತ್ರ. ಆ ಗೆರೆಯೇ ಒಪ್ಪಿಗೆಯ ಗುರುತು. ಹೇಳದೆ ಕೇಳದೆ ಹಿತ್ತಿಲಿನ ಮೇಲೆ ನಿಂತು ನೋಡುವ ಡ್ರೋನಿಗೆ ಅಂತಹ ಗೆರೆಯನ್ನು ಯಾರೂ ಎಳೆದಿರುವುದಿಲ್ಲ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಸ್ತ್ರೀಯ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಪ್ರಕರಣದಂತೆ ಅಪರಾಧ. ಆದರೆ ದೂರು ಕೊಡಲು ಡ್ರೋನ್ ಯಾರದೆಂದು ತಿಳಿಯಬೇಕು. ನಿಯಮದಂತೆ ಅದಕ್ಕೊಂದು ನೋಂದಣಿ ಸಂಖ್ಯೆಯಿರುತ್ತದೆ. ಹಿತ್ತಿಲಿನಲ್ಲಿ ನಿಂತು ತಲೆಯೆತ್ತಿ ನೋಡುವವರಿಗೆ ಅದು ಕಾಣುವುದಿಲ್ಲ.